ಕಾಂಕ್ರೀಟೋ ಟರ್ಫೋ: ಮಿಶಿಗನ್ ಕಾಡಿನ ಡಿಸ್ಕ್ ಗಾಲ್ಫ್ ಕೋರ್ಸಿಗೆ ಟೀ ಪ್ಯಾಡ್ ಆರಿಸಿದ್ದು

ಡಿಸ್ಕ್ ಗಾಲ್ಫ್ ಎಂದರೆ ತಟ್ಟೆಯಂಥ ಡಿಸ್ಕನ್ನು ಎಸೆಯುತ್ತ, ಆದಷ್ಟು ಕಡಿಮೆ ಎಸೆತಗಳಲ್ಲಿ ಬಾಸ್ಕೆಟ್ಟಿಗೆ ಬೀಳಿಸುವ ಆಟ. ಅದರ ಕೋರ್ಸ್ ಅಂದರೆ ಎಲ್ಲರ ಕಣ್ಣಿಗೆ ಬೀಳುವುದು ಸರಪಳಿ ಇಳಿಬಿಟ್ಟ ಬಾಸ್ಕೆಟ್. ಖರ್ಚು, ವಾದ, ಗಾಯ ಮೂರೂ ಹುಟ್ಟುವುದು ಇನ್ನೊಂದು ತುದಿಯಲ್ಲಿ, ಮೊದಲ ಎಸೆತಕ್ಕೆ ಹೆಜ್ಜೆ ಹಾಕಿ ಬಂದು ಕಾಲೂರುವ ಟೀ ಪ್ಯಾಡ್‌ನಲ್ಲಿ. ಆಗ್ನೇಯ ಮಿಶಿಗನ್‌ನ ಒಂದು ಸಾರ್ವಜನಿಕ ಪಾರ್ಕಿನ ಕಾಡಿನೊಳಗೆ 18 ಹೋಲ್‌ಗಳ ಕೋರ್ಸಿದೆ; ಒಂದು ಟೀಯಿಂದ ಅದರ ಬಾಸ್ಕೆಟ್ಟಿನವರೆಗಿನ ದಾರಿಯೇ ಒಂದು ಹೋಲ್. ಅಲ್ಲಿ ಮಣ್ಣಿನ ಟೀಗಳನ್ನು ತೆಗೆದು ಗಟ್ಟಿ ಟೀ ಹಾಕುವ ಕೆಲಸವನ್ನು ಸ್ವಯಂಸೇವಕರ ತಂಡವಾಗಿ ಮಾಡಿದೆವು. ಯಾವ ಜಾಗಕ್ಕೆ ಯಾವ ಸಾಮಾನು, ಯಾಕೆ ಅಂತ ಇಲ್ಲಿ ಬರೆದಿಡುತ್ತಿದ್ದೇವೆ. ಡೆಟ್ರಾಯಿಟ್ ಸುತ್ತಿನ ಈ ಭಾಗಕ್ಕೆ ಆಟ ಹೊಸದಲ್ಲ. ಡಿಸ್ಕ್ ತಯಾರಿಸುವ ಡಿಸ್ಕ್ರಾಫ್ಟ್ ಕಂಪನಿ ಇರುವುದು ಇಲ್ಲಿನ ವಿಕ್ಸಮ್‌ನಲ್ಲಿ, 2000ದ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಆ್ಯನ್ ಆರ್ಬರ್‌ನಲ್ಲಿ. ಆಡುವವರು ಹೆಚ್ಚು, ಹಾಗಾಗಿ ನೆಲಕ್ಕೆ ಬೀಳುವ ಏಟೂ ಹೆಚ್ಚು.

ಮಣ್ಣಿನ ಟೀ ಕೆಡುವ ರೀತಿಯನ್ನು ಮೊದಲು ನೋಡಬೇಕು, ಮುಂದಿನ ಎಲ್ಲ ಆಯ್ಕೆಯೂ ಅದರ ಮೇಲೆಯೇ ನಿಂತಿದೆ. ಬಲಗೈ ಆಟಗಾರ ಬ್ಯಾಕ್‌ಹ್ಯಾಂಡ್ ಎಸೆಯುವಾಗ ಮೂರು ನಾಲ್ಕು ಹೆಜ್ಜೆ ಓಡಿ, ಬಲಗಾಲನ್ನು ಮುಂದೆ ಊರಿ, ಆ ಕಾಲಿನ ಮೇಲೆಯೇ ಸೊಂಟ ತಿರುಗಿಸುತ್ತಾನೆ. ಮೈಯ ಭಾರವೆಲ್ಲ ಆ ಒಂದು ಪಾದದ ಮೇಲೆ ಬಿದ್ದು ತಿರುಚಿಕೊಳ್ಳುತ್ತದೆ. ಪ್ರತಿಯೊಬ್ಬರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಮುಂದಿನ ಅಂಚಿನಿಂದ ಒಂದು ಒಂದೂವರೆ ಅಡಿ ಹಿಂದೆ ಕಾಲೂರುವುದರಿಂದ ಅಲ್ಲಿ ಹುಲ್ಲು ಸತ್ತು, ಮಣ್ಣು ಗಟ್ಟಿಯಾಗಿ, ಗುಳಿ ಬೀಳುತ್ತದೆ. ಗುಳಿಯಲ್ಲಿ ನೀರು ನಿಲ್ಲುತ್ತದೆ, ನೀರು ಕೆಸರಾಗುತ್ತದೆ, ಕೆಸರು ಶೂಗಳ ಜೊತೆ ಹೊರಗೆ ಹೋಗುತ್ತದೆ, ಗುಳಿ ಇನ್ನೂ ಆಳವಾಗುತ್ತದೆ. ಕೊನೆಗೆ ಮರದ ಬೇರುಗಳು ಮೇಲೆ ಕಾಣತೊಡಗುತ್ತವೆ. ಗುಳಿ ತಪ್ಪಿಸಲು ಆಟಗಾರರು ಪಕ್ಕಕ್ಕೆ ಸರಿಯುತ್ತಾರೆ, ಟೀ ಅಡ್ಡಡ್ಡ ಬೆಳೆಯುತ್ತದೆ.

ಅಳತೆಯ ವಿಷಯದಲ್ಲಿ ಆಟದ ಆಡಳಿತ ಸಂಸ್ಥೆಯಾದ ಪಿಡಿಜಿಎ ಕೊಟ್ಟಿರುವ ಮಾರ್ಗಸೂಚಿ ಸ್ಪಷ್ಟವಾಗಿದೆ. 5 ಅಡಿ ಅಗಲ, 12 ಅಡಿ ಉದ್ದ ಒಳ್ಳೆಯದು. 4 ಅಡಿ ಅಗಲ, 10 ಅಡಿ ಉದ್ದಕ್ಕಿಂತ ಚಿಕ್ಕದು ಬೇಡ. ಪ್ಯಾಡ್ ಇಲ್ಲದ ಕಡೆ ನಿಯಮದ ಪ್ರಕಾರ ಟೀ ಗೆರೆಯಿಂದ ಹಿಂದಕ್ಕೆ 3 ಮೀಟರ್‌ವರೆಗೆ ಟೀ ಜಾಗ. ನಾವು ಎಲ್ಲ ಕಡೆ 5×12 ಇಟ್ಟುಕೊಂಡೆವು. ಇನ್ನೂರು ಅಡಿಗಿಂತ ಚಿಕ್ಕ ಹೋಲ್‌ಗೆ 10 ಅಡಿ ಸಾಕು ಎಂಬ ವಾದದಲ್ಲಿ ಹುರುಳಿದೆ, ಅಲ್ಲಿ ಯಾರೂ ಪೂರ್ತಿ ಓಡಿ ಎಸೆಯುವುದಿಲ್ಲ. ಆದರೆ ಹಲಗೆ, ಟರ್ಫ್ (ಕೃತಕ ಹುಲ್ಲು), ಜಲ್ಲಿ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿಟ್ಟರೆ ಕೆಲಸ ಸಲೀಸು. 5×12ಕ್ಕೆ ಇನ್ನೊಂದು ಅನುಕೂಲವೂ ಇದೆ: ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ ಕರೆಕ್ಟಾಗಿ 13 ಅಡಿ ಬರಬೇಕು. ಎರಡೂ ಕರ್ಣ 13 ಅಡಿ ಬಂತೆಂದರೆ ಮೂಲೆಗಳು ಲಂಬವಾಗಿವೆ, ಮೂಲೆಮಟ್ಟ ಹುಡುಕುವ ಅಗತ್ಯವಿಲ್ಲ.

ಸಾಮಾನಿನ ಪಟ್ಟಿ ಹಿಡಿದು ಕೂರುವ ಮೊದಲು ಮಳೆಯಲ್ಲಿ ಕೋರ್ಸ್ ಸುತ್ತುವುದು ಒಳ್ಳೆಯದು. ಒಣ ದಿನ ಎಲ್ಲ ಟೀಗಳೂ ಒಂದೇ ತರಹ ಕಾಣುತ್ತವೆ. ಮಳೆಯಲ್ಲಿ ನೋಡಿದರೆ ಒಂದರಲ್ಲಿ ಗುಡ್ಡದ ನೀರು ಟೀ ಮೇಲೆಯೇ ಹರಿದು ಬರುತ್ತದೆ, ಇನ್ನೊಂದರಲ್ಲಿ ತಗ್ಗಿನಲ್ಲಿ ನಿಲ್ಲುತ್ತದೆ, ಮತ್ತೊಂದರಲ್ಲಿ ಮರಳು ಮಣ್ಣಾದ್ದರಿಂದ ಹತ್ತು ನಿಮಿಷದಲ್ಲಿ ಇಂಗುತ್ತದೆ. ಒಂದೊಂದು ಟೀಗೆ ನಾಲ್ಕು ವಿಷಯ ಬರೆದುಕೊಂಡೆವು: ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಗಾಡಿ ಎಷ್ಟು ಹತ್ತಿರ ಬರುತ್ತದೆ, ದೊಡ್ಡ ಮರದ ಬೇರು ಎಷ್ಟು ದೂರದಲ್ಲಿದೆ, ಟೀ ಮುಂದೆ ನೆಲ ಇಳಿಜಾರೋ ಸಮತಟ್ಟೋ. ಕಾಂಕ್ರೀಟೋ ಟರ್ಫೋ ಎಂಬ ತೀರ್ಮಾನ ಬಹುತೇಕ ಇಲ್ಲಿಯೇ ಆಗಿಬಿಡುತ್ತದೆ. ಮೇಲ್ಮೈಯ ಚರ್ಚೆಗೆ ನೆಲಕ್ಕಿಂತ ಮೊದಲು ಇಳಿದ ಕೋರ್ಸುಗಳಲ್ಲಿ ದುಬಾರಿ ಪ್ಯಾಡ್‌ಗಳು ಎರಡೇ ಚಳಿಗಾಲದಲ್ಲಿ ವಾಲಿದ್ದನ್ನು ನೋಡಿದ್ದೇವೆ.

ಅಗೆಯುವ ಮುನ್ನ ಅಮೆರಿಕದಲ್ಲಿ ಎಲ್ಲಿಯೇ ಆಗಲಿ 811ಕ್ಕೆ ಫೋನ್ ಮಾಡಬೇಕು. ಮಿಶಿಗನ್‌ನಲ್ಲಿ ಇದು ಮಿಸ್ ಡಿಗ್ ವ್ಯವಸ್ಥೆ, ಕನಿಷ್ಠ ಮೂರು ಕೆಲಸದ ದಿನ ಮೊದಲು ತಿಳಿಸಬೇಕು. ಗ್ಯಾಸ್, ವಿದ್ಯುತ್, ಕೇಬಲ್ ಹೋಗಿರುವ ಜಾಗವನ್ನು ಅವರು ಬಣ್ಣದಲ್ಲಿ ಗುರುತಿಸಿ ಹೋಗುತ್ತಾರೆ. ಕಾಡಿನೊಳಗೆ ಏನಿರುತ್ತದೆ ಎಂಬ ಉದಾಸೀನ ಬೇಡ, ಪಾರ್ಕಿನ ದೀಪದ ಕೇಬಲ್ ಮತ್ತು ಹಳೆಯ ನೀರಿನ ಪೈಪು ಎಲ್ಲಿ ಬೇಕಾದರೂ ಹಾದುಹೋಗಿರಬಹುದು. ಓಕ್ ಮರಗಳಿರುವ ಕಡೆ ಏಪ್ರಿಲ್ 15ರಿಂದ ಜುಲೈ 15ರವರೆಗೆ ಕೊಂಬೆ ಕಡಿಯಬೇಡಿ ಎಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ, ಹಸಿ ಗಾಯಕ್ಕೆ ಬರುವ ಕೀಟಗಳು ಓಕ್ ವಿಲ್ಟ್ ರೋಗ ಹರಡುತ್ತವೆ. ಬೇರಿನ ಲೆಕ್ಕಕ್ಕೆ ಕಾಂಡದ ವ್ಯಾಸದ ಪ್ರತಿ ಇಂಚಿಗೆ 1 ಅಡಿ ತ್ರಿಜ್ಯದ ವೃತ್ತ ಎಳೆದೆವು. 18 ಇಂಚಿನ ಓಕ್ ಆದರೆ ಸುತ್ತ 18 ಅಡಿ. ಆ ವೃತ್ತದ ಒಳಗೆ ಬಿದ್ದ ಟೀಗಳಲ್ಲಿ ಅಗೆಯುವ ಮಾತೇ ಇಲ್ಲ, ನೆಲದ ಮೇಲೆ ಏರಿಸಿ ಕಟ್ಟುವ ಸಾಮಾನೇ ಆಗಬೇಕು.

ಕೆಲವನ್ನು ಬೇಗ ಕೈಬಿಟ್ಟೆವು. ಬರೀ ಜಲ್ಲಿ ಹಾಸಿದರೆ ನೀರೇನೋ ಇಳಿಯುತ್ತದೆ, ಆದರೆ ತಿರುಗುವ ಕಾಲಿನಡಿ ಕಲ್ಲು ಉರುಳುತ್ತದೆ, ಕಾಲೂರುವ ಕಡೆ ಮತ್ತೆ ಗುಳಿ ಬೀಳುತ್ತದೆ. ಡಾಂಬರಿನ ಸಮಸ್ಯೆ ಸಾಗಾಟ. ಬಿಸಿ ಡಾಂಬರನ್ನು ತಣ್ಣಗಾಗುವ ಮೊದಲೇ ಹರಡಿ ರೋಲರ್ ಹೊಡೆಯಬೇಕು, ತಳ್ಳುಗಾಡಿಯಲ್ಲಿ ಕಾಡಿನೊಳಗೆ ಒಯ್ಯುವಷ್ಟರಲ್ಲಿ ಅದು ಗಟ್ಟಿಯಾಗಿ ಒಳಗೆ ಪೊಳ್ಳು ಉಳಿಯುತ್ತದೆ. ಅಂಚಿಗೆ ಕಟ್ಟೆಯಿಲ್ಲದಿದ್ದರೆ ಉದುರುತ್ತದೆ, ಬೇಸಿಗೆಯ ಬಿಸಿಲಲ್ಲಿ ಹಿಮ್ಮಡಿ ಅಚ್ಚೊತ್ತುತ್ತದೆ. ಪಾರ್ಕಿಂಗ್ ಜಾಗಕ್ಕೆ ಡಾಂಬರು ಹಾಕಲು ಗುತ್ತಿಗೆದಾರರು ಹೇಗೂ ಬಂದಿದ್ದು, ಮೊದಲ ಟೀ ಅದರ ಪಕ್ಕದಲ್ಲೇ ಇದ್ದರೆ ಮಾತ್ರ ಅದು ಲಾಭ. ಇಂಟರ್‌ಲಾಕ್ ಕಲ್ಲುಗಳನ್ನು ಕೈಯಲ್ಲೇ ಹೊತ್ತೊಯ್ಯಬಹುದು ಎಂಬುದು ನಿಜ. 4×8 ಇಂಚಿನ ಕಲ್ಲಾದರೆ ಒಂದು ಪ್ಯಾಡ್‌ಗೆ 270 ಬೇಕು, ಒಡೆದರೆ ಒಂದನ್ನೇ ಬದಲಿಸಬಹುದು. ಆದರೆ ಹಿಮ ಕಟ್ಟುವ ಊರಿನಲ್ಲಿ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಕಲ್ಲುಗಳು ಮೇಲೆ ಕೆಳಗೆ ಆಗುತ್ತವೆ. ಕಾಲು ಎಳೆದು ಊರುವ ಆಟದಲ್ಲಿ ಐದು ಮಿಲಿಮೀಟರ್ ಎದ್ದ ಅಂಚೂ ಶೂವಿನ ಮೂತಿಯನ್ನು ಹಿಡಿದುಬಿಡುತ್ತದೆ.

ರಬ್ಬರ್ ಮ್ಯಾಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಕುದುರೆ ಲಾಯಕ್ಕೆ ಹಾಸುವ ಮ್ಯಾಟ್ ಇಲ್ಲಿ ಕೃಷಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ: 4×6 ಅಡಿ, ಮುಕ್ಕಾಲು ಇಂಚು ದಪ್ಪ, ಒಂದೊಂದು ಸುಮಾರು 45 ಕೆಜಿ. ಎರಡನ್ನು ಉದ್ದಕ್ಕೆ ಸೇರಿಸಿದರೆ 4×12 ಆಯಿತು. ಒಣಗಿದ್ದಾಗ ಹಿಡಿತ ಚೆನ್ನ, ಮೊಣಕಾಲಿಗೆ ಹಿತ. ಮಳೆ ಬಂದರೆ, ಅದರಲ್ಲೂ ನೆರಳಿನಲ್ಲಿ ಪಾಚಿ ಕಟ್ಟಿದರೆ, ವಿಪರೀತ ಜಾರುತ್ತದೆ. ಬಿಸಿಲಿಗೆ ಹಿಗ್ಗಿ ನಡುವೆ ಉಬ್ಬುತ್ತದೆ, ಸೇರುವ ಗೆರೆಯಲ್ಲಿ ಅಂಚು ಮೇಲೇಳುತ್ತದೆ. 12 ಇಂಚಿನ ಮೊಳೆ ಮತ್ತು ಅಗಲ ವಾಷರ್ ಹಾಕಿ ನೆಲಕ್ಕೆ ಹೊಡೆದರೂ ಮಂಜುಗಡ್ಡೆ ಕರಗುವ ಕಾಲಕ್ಕೆ ಮೊಳೆಗಳು ಮೇಲೆ ಬರುತ್ತವೆ, ಬರಿಗಣ್ಣಿಗೆ ಕಾಣದಷ್ಟು ಎದ್ದ ಮೊಳೆತಲೆಯೂ ಅಪಾಯ. ನಾವು ಮ್ಯಾಟ್‌ಗಳನ್ನು ತಾತ್ಕಾಲಿಕ ಟೀಗಳಿಗೆ ಮಾತ್ರ ಇಟ್ಟುಕೊಂಡೆವು. ಟೀ ಎತ್ತ ಮುಖ ಮಾಡಬೇಕೆಂದು ತಿಳಿಯುವವರೆಗೆ ಒಂದು ಋತು ಮ್ಯಾಟ್ ಹಾಸಿ ಆಡಿಸುವುದು ಬಹಳ ಉಪಯೋಗ. ಕಾಂಕ್ರೀಟ್ ಸುರಿದ ಮೇಲೆ ದಿಕ್ಕು ಬದಲಾಗುವುದಿಲ್ಲ.

ದಿಕ್ಕಿನ ವಿಷಯ ಬಂತಲ್ಲ, ಪ್ಯಾಡ್‌ನ ಮಧ್ಯರೇಖೆ ಬಾಸ್ಕೆಟ್ ಕಡೆಗೆ ಇರಬೇಕಿಲ್ಲ. ಕಾಡಿನ ಹೋಲ್‌ಗಳಲ್ಲಿ ಡಿಸ್ಕ್ ಹೊರಡಬೇಕಾದ್ದು ಮರಗಳ ನಡುವಿನ ಮೊದಲ ಸಂದಿಯ ಕಡೆಗೆ. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಚೌಕ ಎಳೆದು ಬಲಗೈಯವರು, ಎಡಗೈಯವರು, ಫೋರ್‌ಹ್ಯಾಂಡ್ ಎಸೆಯುವವರು ಎಲ್ಲರಿಂದ ಎಸೆಸಿ ನೋಡಿದೆವು. ಇಬ್ಬರಿಗೆ ಹೊಂದುವ ಕೋನ ಮೂರನೆಯವರನ್ನು ಚೌಕದ ಹೊರಗೆ ತಳ್ಳಿದರೆ ಹಿಂಭಾಗವನ್ನು ಅಗಲ ಮಾಡಬೇಕು. ಓಟ ಶುರುವಾಗುವುದು ಹಿಂದಿನಿಂದ, ಅಲ್ಲಿ ಎರಡು ಮೂರು ಅಡಿ ಹೆಚ್ಚು ಅಗಲ ಕೊಟ್ಟರೆ ಓರೆಯಾಗಿ ಓಡಿ ಬರುವವರಿಗೆ ಜಾಗ ಸಿಗುತ್ತದೆ.

ಉಳಿದದ್ದು ಕಾಂಕ್ರೀಟ್ ಮತ್ತು ಮರಳು ತುಂಬಿದ ಕೃತಕ ಹುಲ್ಲು, ಅಂದರೆ ಟರ್ಫ್. ಅಮೆರಿಕದ ಹಳೆಯ ಕೋರ್ಸುಗಳಲ್ಲಿ ಕಾಂಕ್ರೀಟ್ ಹೆಚ್ಚು, ಫಿನ್‌ಲ್ಯಾಂಡ್ ಮತ್ತು ಅದರ ನೆರೆಯ ದೇಶಗಳಲ್ಲಿ ಟರ್ಫ್ ಸಾಮಾನ್ಯ. ಎರಡಕ್ಕೂ ಅಡಿಪಾಯ ಒಂದೇ ಬಗೆ, ಮತ್ತು ಶ್ರಮದ ಮುಕ್ಕಾಲು ಪಾಲು ಅಲ್ಲೇ.

ಮಿಶಿಗನ್‌ನಲ್ಲಿ ಕಟ್ಟಡಗಳ ಪಾಯ 42 ಇಂಚು ಆಳಕ್ಕೆ ಹೋಗಬೇಕೆಂಬ ನಿಯಮ ಇರುವುದು ಚಳಿಗಾಲದಲ್ಲಿ ನೆಲ ಅಷ್ಟು ಆಳದವರೆಗೆ ಹೆಪ್ಪುಗಟ್ಟಬಹುದು ಎಂದು. ಜೇಡಿ ಮತ್ತು ನುಣುಪು ಮಣ್ಣು ಕೆಳಗಿನ ನೀರನ್ನು ಮೇಲಕ್ಕೆ ಹೀರುತ್ತದೆ, ಆ ನೀರು ಪದರ ಪದರವಾಗಿ ಮಂಜುಗಡ್ಡೆಯಾಗಿ ಮೇಲಿರುವುದನ್ನೆಲ್ಲ ಎತ್ತುತ್ತದೆ. ಒಂದು ಟನ್ನಿಗೂ ಮೀರಿದ ಕಾಂಕ್ರೀಟ್ ಹಾಸನ್ನೂ ಎತ್ತುತ್ತದೆ. ಟೀ ಪ್ಯಾಡ್‌ಗೆ 42 ಇಂಚು ಅಗೆಯುವುದು ಆಗದ ಕೆಲಸ. ಆಗುವುದು ಎಂದರೆ, ಪ್ಯಾಡ್‌ನ ಅಡಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು. ಮೇಲ್ಮಣ್ಣು, ಎಲೆಗೊಬ್ಬರ ಪೂರ್ತಿ ತೆಗೆದು, ನಾಲ್ಕೂ ಕಡೆ ಅರ್ಧ ಅಡಿ ಹೆಚ್ಚಿಗೆ ಅಗೆದು, 4 ಇಂಚು ಜಲ್ಲಿ ತುಂಬಿದೆವು. ಒಂದು ಪ್ಯಾಡ್‌ಗೆ ಹತ್ತಿರ ಹತ್ತಿರ 1 ಘನ ಗಜ, ತೂಕದಲ್ಲಿ ಒಂದೂವರೆ ಟನ್ ಹಿಡಿಯುತ್ತದೆ. ಎತ್ತರದ ಜಾಗಗಳಿಗೆ ಪುಡಿ ಬೆರೆತ ರಸ್ತೆ ಜಲ್ಲಿ, ಇಲ್ಲಿ 21ಎಎ ಅಂತ ಮಾರುವುದು, ಒಳ್ಳೆಯದು. ಪುಡಿ ಇರುವುದರಿಂದ ದಮ್ಮಸ್ಸು ಮಾಡಿದಾಗ ಕಲ್ಲಿನಂತೆ ಕಚ್ಚಿಕೊಳ್ಳುತ್ತದೆ. ತಗ್ಗಿನ ಜಾಗಕ್ಕೆ ಅದೇ ಪುಡಿ ಶತ್ರು, ನೀರನ್ನು ಹಿಡಿದಿಡುತ್ತದೆ. ಅಲ್ಲಿ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ ಅದರ ಮೇಲೆ ತೊಳೆದ ಜಲ್ಲಿ ತುಂಬಿ, ಕೆಳಮುಖಕ್ಕೆ ನೀರು ಹೊರಹೋಗಲು ಒಂದು ಜಲ್ಲಿ ಕಾಲುವೆ ಬಿಟ್ಟೆವು. ಎರಡೂ ಕಡೆ ಎರಡೆರಡು ಇಂಚಿನ ಪದರ ಹಾಕಿ ಪ್ಲೇಟ್ ಕಾಂಪ್ಯಾಕ್ಟರ್ ಓಡಿಸಬೇಕು. ನಾಲ್ಕು ಇಂಚನ್ನು ಒಮ್ಮೆಲೇ ಹಾಕಿ ಬಡಿದರೆ ಮೇಲೆ ಗಟ್ಟಿ, ಕೆಳಗೆ ಸಡಿಲ.

ವಾಟ ಯಾವ ಕಡೆಗೆ ಕೊಡಬೇಕು ಎಂಬುದರ ಬಗ್ಗೆ ಅಭಿಪ್ರಾಯಗಳು ಬೇರೆ ಬೇರೆ. ನಾವು ಹಿಂದಕ್ಕೆ ಕೊಟ್ಟೆವು, ಅಡಿಗೆ ಕಾಲಿಂಚಿನ ಅರ್ಧ, ಅಂದರೆ 12 ಅಡಿಗೆ ಒಂದೂವರೆ ಇಂಚು. ಮುಂದಕ್ಕೆ ಇಳಿಜಾರಿದ್ದರೆ ಊರುವ ಕಾಲು ಜಾರುವ ಸಂಭವ ಹೆಚ್ಚು, ಹಿಂದಕ್ಕೆ ಇದ್ದರೆ ನೆಲವೇ ಕಾಲನ್ನು ತಡೆಯುತ್ತದೆ. ಅಗಲದಲ್ಲಿ ಮಾತ್ರ ರಸಮಟ್ಟದ ಗುಳ್ಳೆ ನಡುವೆಯೇ ನಿಲ್ಲಬೇಕು. ಪಕ್ಕಕ್ಕೆ ವಾಲಿದ ಪ್ಯಾಡ್ ಮೇಲೆ ಡಿಸ್ಕಿನ ಕೋನವೂ ವಾಲುತ್ತದೆ, ಆಟಗಾರರಿಗೆ ಕಾರಣ ಗೊತ್ತಾಗದೆ ತಮ್ಮ ಎಸೆತವನ್ನೇ ಬೈದುಕೊಳ್ಳುತ್ತಾರೆ.

ಕಾಂಕ್ರೀಟಿನ ಲೆಕ್ಕ ಹೀಗೆ. 5×12 ಅಡಿ, 4 ಇಂಚು ದಪ್ಪಕ್ಕೆ 20 ಘನ ಅಡಿ, ಅಂದರೆ ಮುಕ್ಕಾಲು ಘನ ಗಜಕ್ಕೆ ಕೂದಲೆಳೆ ಕಡಿಮೆ. 36 ಕೆಜಿಯ ಸಿದ್ಧ ಮಿಶ್ರಣದ ಒಂದು ಚೀಲಕ್ಕೆ 0.6 ಘನ ಅಡಿ ಬರುತ್ತದೆ, ಹಾಗಾಗಿ 34 ಚೀಲ, ಚೆಲ್ಲಿಹೋಗುವುದಕ್ಕೆ ಇನ್ನೆರಡು. ಒಂದು ಪ್ಯಾಡ್‌ಗೆ ಹನ್ನೆರಡು ಕ್ವಿಂಟಲ್‌ಗೂ ಮೀರಿದ ಚೀಲಗಳನ್ನು ಕಾಡಿನೊಳಗೆ ಹೊತ್ತು, ಸಣ್ಣ ಮಿಕ್ಸರಿನಲ್ಲಿ ಎರಡೆರಡು ಚೀಲ ಕಲಸುತ್ತ ಹೋದರೆ ಮೊದಲು ಸುರಿದದ್ದು ಸೆಟ್ ಆಗಿ, ಕೊನೆಗೆ ಸುರಿದದ್ದು ಅದಕ್ಕೆ ಸರಿಯಾಗಿ ಬೆಸೆಯದೆ ನಡುವೆ ಗೆರೆ ಬೀಳುತ್ತದೆ. ರೆಡಿಮಿಕ್ಸ್ ಲಾರಿ ಹತ್ತಿರ ಬರುವ ಕಡೆ ಅದನ್ನೇ ತರಿಸುವುದು ವಾಸಿ. ಇಲ್ಲಿ ಕೇಳಬೇಕಾದ ಮಿಶ್ರಣ: ಬಲ ಚದರ ಇಂಚಿಗೆ 4,000 ಪೌಂಡ್, ಅಂದರೆ 4,000 ಪಿಎಸ್‌ಐ, ನೀರು–ಸಿಮೆಂಟ್ ಅನುಪಾತ 0.45 ದಾಟದ್ದು, ಸುಮಾರು ಶೇ. 6 ಗಾಳಿ ಗುಳ್ಳೆ ಇರುವಂಥದ್ದು. ಆ ಸಣ್ಣ ಗುಳ್ಳೆಗಳಿಲ್ಲದಿದ್ದರೆ ಒಳಗೆ ಸೇರಿದ ನೀರು ಹೆಪ್ಪುಗಟ್ಟಿ ಹಿಗ್ಗಲು ಜಾಗವಿಲ್ಲದೆ ಮೇಲ್ಮೈ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ಸಣ್ಣ ಬಿರುಕು ತಡೆಯಲು ಪಾಲಿಪ್ರೊಪಿಲೀನ್ ನಾರು ಬೆರೆಸಲು ಹೇಳಬಹುದು. ಜೊತೆಗೆ ಉಕ್ಕಿನ ಜಾಲರಿಯನ್ನು ಹಾಸಿನ ನಡುಮಟ್ಟದಲ್ಲಿ ನಿಲ್ಲುವಂತೆ ಕುರ್ಚಿ ಎಂದು ಕರೆಯುವ ಚಿಕ್ಕ ಆಧಾರಗಳ ಮೇಲೆ ಇಟ್ಟೆವು. ಜಾಲರಿಯನ್ನು ನೆಲದ ಮೇಲೆ ಹಾಸಿ, ಸುರಿಯುವಾಗ ಎತ್ತುತ್ತೇವೆ ಎನ್ನುವವರ ಜಾಲರಿ ಯಾವಾಗಲೂ ತಳದಲ್ಲೇ ಉಳಿಯುತ್ತದೆ.

ಲಾರಿಯ ಲೆಕ್ಕದಲ್ಲಿ ಒಂದು ಬಲೆ ಇದೆ. ಒಂಬತ್ತು ಪ್ಯಾಡ್‌ಗೆ 7 ಘನ ಗಜದಷ್ಟು ಸಾಕು, ಒಂದೇ ಲಾರಿಯಲ್ಲಿ ಬರುತ್ತದೆ, ಸಾಗಾಣಿಕೆಯೂ ಉಳಿಯುತ್ತದೆ. ಆದರೆ ಕಲಸಿದ ಒಂದೂವರೆ ಗಂಟೆಯೊಳಗೆ ಕಾಂಕ್ರೀಟ್ ಇಳಿಸಿ ಮುಗಿಸಬೇಕು, ಆಮೇಲೆ ಪ್ರತಿ ಪ್ಯಾಡ್‌ಗೂ ಮೇಲ್ಮೈ ತೀಡುವ ಹದ ಬೇರೆ ಬೇರೆ ಹೊತ್ತಿಗೆ ಬರುವುದಿಲ್ಲ, ಎಲ್ಲದಕ್ಕೂ ಒಟ್ಟಿಗೇ ಬರುತ್ತದೆ. ಕರಣೆ ಹಿಡಿಯಬಲ್ಲ ಕೈಗಳು ಎಷ್ಟಿವೆಯೋ ಅಷ್ಟೇ ಪ್ಯಾಡ್. ಒಂದು ಸಲಕ್ಕೆ ಮೂರು ಪ್ಯಾಡ್, ಎರಡೂವರೆ ಘನ ಗಜ ಎಂದು ಗೊತ್ತುಮಾಡಿಕೊಂಡೆವು. ಕಡಿಮೆ ತರಿಸಿದ್ದಕ್ಕೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಅದು ಕೊಡಬೇಕಾದ ದುಡ್ಡೇ. ತಳ್ಳುಗಾಡಿಯಲ್ಲಿ ಸಲೀಸಾಗಿ ಹರಿಯಲಿ ಎಂದು ನೀರು ಸೇರಿಸುವ ಆಸೆಯನ್ನೂ ತಡೆಯಬೇಕು. ಘನ ಗಜಕ್ಕೆ ಒಂದು ಗ್ಯಾಲನ್ ನೀರು ಹೆಚ್ಚಾದರೆ ಸುಮಾರು 200 ಪಿಎಸ್‌ಐ ಬಲ ಹೋಗುತ್ತದೆ ಎಂಬುದು ಈ ಕೆಲಸದವರ ಅಂದಾಜು.

ಸೆಂಟ್ರಿಂಗ್‌ಗೆ 2×4 ಎಂದು ಮಾರುವ ಹಲಗೆಯ ನಿಜವಾದ ಅಗಲ ಮೂರೂವರೆ ಇಂಚು ಮಾತ್ರ. ನಾಲ್ಕು ಇಂಚು ದಪ್ಪ ಬೇಕಾದರೆ ಒಳಗಿನ ಜಲ್ಲಿಯ ಮಟ್ಟವನ್ನು ಹಲಗೆಯ ತಳಕ್ಕಿಂತ ಅರ್ಧ ಇಂಚು ಕೆಳಗಿಟ್ಟು, ಹೊರಗಿನಿಂದ ಮಣ್ಣು ಒತ್ತಬೇಕು. ಗೂಟಗಳು ಎರಡೂವರೆ ಅಡಿಗೊಂದು. ಇದಕ್ಕಿಂತ ದೂರವಾದರೆ ನಡುವೆ ಹಲಗೆ ಹೊಟ್ಟೆ ಬಿಡುತ್ತದೆ. ಹನ್ನೆರಡು ಅಡಿಯ ಹಾಸು ಎಲ್ಲಾದರೂ ಒಂದು ಕಡೆ ಸೀಳಿಯೇ ಸೀಳುತ್ತದೆ, ಆ ಸೀಳು ನಾವು ಹೇಳಿದಲ್ಲಿ ಬರಲೆಂದು ನಡುವೆ, ಅಂದರೆ ಆರನೇ ಅಡಿಗೆ, ಒಂದು ಇಂಚು ಆಳದ ಕೊಯ್ತ ಹಾಕಿದೆವು. ಕಾಲೂರುವ ಜಾಗದಿಂದ ಅದು ದೂರವೇ ಇರುತ್ತದೆ.

ಇನ್ನು ಕಸಬರಿಗೆ ಎಳೆಯುವ ಕೆಲಸ. ಪ್ಯಾಡ್‌ನ ಹಣೆಬರಹ ಈ ಕೆಲವು ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಸಮ ಮಾಡಿದ ಮೇಲೆ ಕಾಂಕ್ರೀಟಿನಿಂದ ನೀರು ಮೇಲೆ ಬಂದು ತೆಳ್ಳಗೆ ಹೊಳೆಯುತ್ತದೆ. ಆ ಹೊಳಪು ಇರುವಾಗ ಕರಣೆ ಮುಟ್ಟಿಸಿದರೆ ನೀರು ಮತ್ತೆ ಒಳಗೆ ಸೇರಿ ಮೇಲಿನ ಪದರ ದುರ್ಬಲವಾಗುತ್ತದೆ, ಮುಂದಿನ ಚಳಿಗಾಲದಲ್ಲಿ ಅದೇ ಪದರ ಕಿತ್ತುಬರುತ್ತದೆ. ಹೊಳಪು ಆರಿ ಮಂಕಾಗುವವರೆಗೆ ಕಾಯಬೇಕು. ಹೆಬ್ಬೆರಳು ಒತ್ತಿದರೆ ಕಾಲಿಂಚು ಅಚ್ಚು ಬೀಳಬೇಕು, ಬೆರಳಿಗೆ ಗಾರೆ ಅಂಟಬಾರದು. ಆಗ ಗಡುಸು ಕೂದಲಿನ ಕಸಬರಿಗೆಯನ್ನು ಅಗಲಕ್ಕೆ, ಓಟದ ದಿಕ್ಕಿಗೆ ಅಡ್ಡಲಾಗಿ, ಒಂದೇ ಎಳೆತದಲ್ಲಿ ಎಳೆಯಬೇಕು. ಬೇಗ ಎಳೆದರೆ ಗೆರೆಗಳು ಮತ್ತೆ ಮುಚ್ಚಿಕೊಳ್ಳುತ್ತವೆ, ತಡವಾದರೆ ಗೆರೆಯೇ ಬೀಳುವುದಿಲ್ಲ. ನುಣುಪಾದ ಪ್ಯಾಡ್ ಮಳೆಯಲ್ಲಿ ಜಾರುತ್ತದೆ ಎಂದು ಎಲ್ಲರಿಗೂ ಗೊತ್ತು. ಅತಿ ಒರಟಾದ ಪ್ಯಾಡ್‌ನ ಕೆಡುಕು ಅಷ್ಟು ಗೊತ್ತಿಲ್ಲ: ಶೂ ಹಿಡಿದುಕೊಂಡು ಬಿಡುವುದಿಲ್ಲ, ಪಾದ ತಿರುಗಬೇಕಾದ ಹೊತ್ತಿಗೆ ತಿರುಗದೆ ಆ ತಿರುಚು ಮೊಣಕಾಲಿಗೆ ಹೋಗುತ್ತದೆ. ಅಂಗೈ ಸವರಿದರೆ ಗೆರೆ ತಿಳಿಯಬೇಕು, ಚರ್ಮ ಕೆರೆಯಬಾರದು, ಅದು ನಾವು ಇಟ್ಟುಕೊಂಡ ಅಳತೆ.

ಕ್ಯೂರಿಂಗ್‌ಗೆ ಏಳು ದಿನ ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಏಳು ದಿನ ಆಟ ಬೇಡ, ಪಕ್ಕದಲ್ಲಿ ರಬ್ಬರ್ ಮ್ಯಾಟ್ ಹಾಸಿ ತಾತ್ಕಾಲಿಕ ಟೀ ಕೊಡಬೇಕು, ಇಲ್ಲದಿದ್ದರೆ ಮೂರನೇ ದಿನಕ್ಕೇ ಯಾರಾದರೂ ಗೋಣಿ ಸರಿಸಿ ಎಸೆಯುತ್ತಾರೆ. ರಾತ್ರಿ ತಾಪಮಾನ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಕಾಲದಲ್ಲಿ ಸುರಿಯಬಾರದು. ಮೊದಲ ಚಳಿಗಾಲ ಮಂಜುಗಡ್ಡೆ ಕರಗಿಸಲು ಉಪ್ಪು ಹಾಕಬಾರದು ಎಂದು ಪಾರ್ಕಿನ ಸಿಬ್ಬಂದಿಗೆ ಬರೆದು ಕೊಡುವುದು ಒಳ್ಳೆಯದು.

ಟರ್ಫ್‌ಗೆ ಚೌಕಟ್ಟು ಬೇಕು. ನೆಲಕ್ಕೆ ತಾಗಿದರೂ ಕೊಳೆಯದಂತೆ ಸಂಸ್ಕರಿಸಿದ 4×4 ಮರದ ತೊಲೆಗಳನ್ನು ಮೂಲೆಯಲ್ಲಿ ಅರ್ಧರ್ಧ ಕೊರೆದು ಕೂಡಿಸಿ, ಉದ್ದ ಸ್ಕ್ರೂ ಬಿಗಿದು, ಮೂರು ನಾಲ್ಕು ಅಡಿಗೊಂದು ತೂತು ಕೊರೆದು ಎರಡಡಿ ಉದ್ದದ ಕಂಬಿ ಹೊಡೆದೆವು. ಕಂಬಿಯ ತಲೆ ಮರದ ಮೇಲ್ಮೈಗಿಂತ ಕೆಳಗೆ ಇಳಿಯಬೇಕು. ಒಳಗೆ ಜಲ್ಲಿಪುಡಿ ತುಂಬಿ ದಮ್ಮಸ್ಸು ಮಾಡುವಾಗ ಚೌಕಟ್ಟಿಗಿಂತ ಕಾಲಿಂಚು ಎತ್ತರವೇ ಉಳಿಸಬೇಕು. ಸಮಕ್ಕೆ ನಿಲ್ಲಿಸಿದರೆ ಒಂದು ಋತುವಿನಲ್ಲಿ ಕೂತು ನಡುವೆ ತಟ್ಟೆಯಂತೆ ತಗ್ಗಾಗುತ್ತದೆ, ಮರದ ಅಂಚು ಕಾಲಿಗೆ ಸಿಗುತ್ತದೆ.

ಹಾಸುವ ಹುಲ್ಲು ಮನೆ ಅಂಗಳಕ್ಕೆ ಹಾಕುವ ಉದ್ದ ಎಳೆಯದ್ದಲ್ಲ. 15 ಮಿಲಿಮೀಟರ್ ಆಸುಪಾಸಿನ ಗಿಡ್ಡ, ಒತ್ತು ನೇಯ್ಗೆಯ, ಮರಳು ತುಂಬುವ ಬಗೆಯದು ಬೇಕು. ಉದ್ದ ಎಳೆ ಕಾಲಿನಡಿ ಮಲಗಿ ಜಾರುತ್ತದೆ. ನಮಗೆ ಸಿಕ್ಕ ರೋಲ್ 15 ಅಡಿ ಅಗಲದ್ದು. ಅದನ್ನು ಅಡ್ಡಕ್ಕೆ, 5 ಅಡಿ 8 ಇಂಚಿನ ಪಟ್ಟಿಗಳಾಗಿ ಕತ್ತರಿಸಿದೆವು, ಅಂಚುಗಳನ್ನು ಚೌಕಟ್ಟಿನ ಹೊರಮೈಗೆ ಮಡಚಿ ಬಿಗಿಯಲು ನಾಲ್ಕು ನಾಲ್ಕು ಇಂಚು ಉಳಿಯುತ್ತದೆ. ಅಡ್ಡ ಕತ್ತರಿಸುವುದರಲ್ಲಿ ಇನ್ನೂ ಒಂದು ಲಾಭ ಇದೆ. ಎಳೆ ಮಲಗುವುದು ರೋಲಿನ ಉದ್ದದ ದಿಕ್ಕಿಗೆ, ಹೀಗೆ ಕತ್ತರಿಸಿದರೆ ಅದು ಪ್ಯಾಡ್‌ನ ಅಗಲಕ್ಕೆ ಮಲಗುತ್ತದೆ, ಓಟದ ದಿಕ್ಕಿಗೆ ಜಾರುವ ಬದಿ ಎಂಬುದೇ ಇರುವುದಿಲ್ಲ. ಮುಂದೆ ಹಿಂದೆ ತಿರುಗಿಸಿ ಹಾಸಿದರೂ ಹಿಡಿತ ಅದೇ. ಈ ತಿರುಗಿಸುವುದು ಮುಖ್ಯ, ಯಾಕೆಂದರೆ ಟರ್ಫ್ ಸವೆಯುವುದು ಒಂದೇ ಕಡೆ, ಮುಂದಿನ ಅಂಚಿನ ಹತ್ತಿರ ಕೈಯಗಲದ ಒಂದು ಮಚ್ಚೆಯಲ್ಲಿ. ಅಲ್ಲಿ ಮೊದಲು ಎಳೆಯ ತುದಿ ಕವಲೊಡೆದು ನಾರಾಗುತ್ತದೆ, ಮರಳು ಚದುರುತ್ತದೆ, ಆಮೇಲೆ ಕೆಳಗಿನ ಕಪ್ಪು ಬಟ್ಟೆ ಇಣುಕುತ್ತದೆ. ಬಟ್ಟೆ ಕಾಣುವ ಮೊದಲೇ ಸ್ಕ್ರೂ ಬಿಚ್ಚಿ, ಹಿಂದಿನ ತುದಿಯನ್ನು ಮುಂದಕ್ಕೆ ತಂದರೆ ಅದೇ ತುಂಡು ಇನ್ನೊಂದು ಆಯುಷ್ಯ ಬಾಳುತ್ತದೆ. ಹಾಗಾಗಿಯೇ ಅಂಟು ಬಳಸದೆ, ಆರಾರು ಇಂಚಿಗೆ ವಾಷರ್ ಸಮೇತ ಸ್ಟೀಲ್ ಸ್ಕ್ರೂ ಹಾಕಿದೆವು.

ಎಳೆದು ಬಿಗಿಯುವ ಕೆಲಸವನ್ನು ಬಿಸಿಲಿರುವ ಮಧ್ಯಾಹ್ನ ಮಾಡಬೇಕು. ತಣ್ಣಗಿರುವಾಗ ಬಿಗಿದದ್ದು ಬಿಸಿಲಿಗೆ ಹಿಗ್ಗಿ ಸುಕ್ಕುಗಟ್ಟುತ್ತದೆ. ಮೊದಲು ಒಂದು ತುದಿ, ಆಮೇಲೆ ಎದುರು ತುದಿಯನ್ನು ಇಬ್ಬರು ಎಳೆದು ಹಿಡಿದು, ಕೊನೆಗೆ ನಡುವಿನಿಂದ ಹೊರಕ್ಕೆ ಪಕ್ಕಗಳು. ಮರಳು ಒಣಗಿದ ಸಿಲಿಕಾ ಮರಳೇ ಆಗಬೇಕು, ಚದರ ಅಡಿಗೆ ಒಂದೂವರೆ ಕೆಜಿ ಲೆಕ್ಕದಲ್ಲಿ ಪ್ಯಾಡ್‌ಗೆ 90 ಕೆಜಿ. ಒದ್ದೆ ಮರಳು ಎಳೆಗಳ ಮೇಲೆಯೇ ಕೂತು ಒಳಗಿಳಿಯುವುದಿಲ್ಲ. ಮೂರು ನಾಲ್ಕು ಸಲ ಚೆಲ್ಲಿ ಚೆಲ್ಲಿ ಪೊರಕೆಯಿಂದ ಉಜ್ಜಿ, ಎಳೆಯ ತುದಿ ಎರಡು ಮೂರು ಮಿಲಿಮೀಟರ್ ಮಾತ್ರ ಕಾಣುವವರೆಗೆ ತುಂಬಬೇಕು. ಮರಳು ಕಡಿಮೆಯಾದರೆ ಹುಲ್ಲು ಕಾಲಿನಡಿ ಸರಿಯುತ್ತದೆ, ಹೆಚ್ಚಾದರೆ ಮೇಲಿನ ಮರಳೇ ಜಾರಿಸುತ್ತದೆ. ರಬ್ಬರ್ ಹರಳು ತುಂಬುವ ಸಲಹೆಯೂ ಬಂದಿತ್ತು. ಕಾಡಿನಲ್ಲಿ ಅದು ಬೇಡ, ಮಳೆ ನೀರಿನ ಜೊತೆ ಹರಿದು ಮಣ್ಣು ಸೇರುತ್ತದೆ. ಯುರೋಪಿಯನ್ ಒಕ್ಕೂಟ ಇಂಥ ಹರಳಿನ ಮಾರಾಟವನ್ನು ನಿಲ್ಲಿಸಲು 2023ರಲ್ಲೇ ನಿಯಮ ತಂದು ಎಂಟು ವರ್ಷ ಗಡುವು ಕೊಟ್ಟಿದೆ.

ಮಳೆಯಲ್ಲಿ ಹಿಡಿತ ನೋಡಿದರೆ ಟರ್ಫೇ ಮುಂದು, ಮೊಣಕಾಲಿಗೂ ಅದೇ ಹಿತ. ಕಾಂಕ್ರೀಟಿನ ಬಲ ಬೇರೆ ಕಡೆ: ದಶಕಗಳ ಬಾಳಿಕೆ, ಹೊಳೆ ಉಕ್ಕಿ ಬಂದರೂ ಕದಲದ ಭಾರ. ಟರ್ಫ್ ಮೇಲೆ ನೆರೆ ನೀರಿನ ಹೂಳು ಕೂತರೆ ತೊಳೆದು ಸರಿಮಾಡುವುದು ಆಗದ ಮಾತು. ಕೊನೆಗೆ ಹಂಚಿಕೆ ಹೀಗಾಯಿತು. ಲಾರಿಯಿಂದ ತಳ್ಳುಗಾಡಿ ಹೋಗಬಹುದಾದ ಒಂಬತ್ತು ಟೀಗಳಿಗೆ ಕಾಂಕ್ರೀಟ್, ಹೊಳೆದಂಡೆಯವೂ ಅದರಲ್ಲಿ ಸೇರಿವೆ. ಒಳಕಾಡಿನ ಮತ್ತು ಬೇರಿನ ವೃತ್ತದೊಳಗಿನ ಏಳಕ್ಕೆ ಟರ್ಫ್, ಬೇರಿನ ಬಳಿ ಅಗೆಯದೆ ಚೌಕಟ್ಟನ್ನು ನೆಲದ ಮೇಲೆಯೇ ಕೂರಿಸಿದ್ದು. ಕಡಿದಾದ ಇಳಿಜಾರಿನ ಎರಡಕ್ಕೆ ಮರದ ಅಟ್ಟಣೆ, ಅದರ ಮೇಲೆ ಟರ್ಫ್. ಅಟ್ಟಣೆಯ ಕಂಬಗಳು ಮಾತ್ರ 42 ಇಂಚು ಇಳಿಯಲೇಬೇಕು, ಅಡ್ಡತೊಲೆ 16 ಇಂಚಿಗೊಂದು, ಕಾಲೂರುವ ಕಡೆ ಜೋಡಿ ತೊಲೆ. ಇಲ್ಲದಿದ್ದರೆ ಊರಿದಾಗ ಹಲಗೆ ಪುಟಿಯುತ್ತದೆ. ನೆಲದಿಂದ 30 ಇಂಚಿಗಿಂತ ಎತ್ತರವಾದ ಬದಿಗೆ ಕಟಕಟೆ ಬೇಕು. ಬರೀ ಹಲಗೆಯ ಮೇಲೆ ಆಡಿಸುವುದು ಬೇಡ, ಒದ್ದೆ ಎಲೆ ಬಿದ್ದ ಮರದಷ್ಟು ಜಾರುವುದು ಇನ್ನೊಂದಿಲ್ಲ.

ಸಾಮಾನು ಯಾವುದೇ ಇರಲಿ, ಗಾಯಗಳು ಆಗುವುದು ಬಹುತೇಕ ಪ್ಯಾಡ್‌ನ ಮೇಲಲ್ಲ, ಅದರ ಮುಂದಿನ ಅಂಚಿನಲ್ಲಿ. ಎಸೆದ ಮೇಲೆ ಹಿಂದಿನ ಕಾಲು ತಿರುಗಿ ಬಂದು ಪ್ಯಾಡ್‌ನ ಆಚೆ ಬೀಳುತ್ತದೆ. ಪ್ಯಾಡ್ ಮುಂದಿನ ಮಣ್ಣು ತೊಳೆದುಹೋಗಿ ನಾಲ್ಕು ಇಂಚಿನ ಮೆಟ್ಟಿಲಾಗಿದ್ದರೆ ಆ ಕಾಲಿನ ಕೀಲು ಹೊರಳುತ್ತದೆ. ಮುಂದೆ ಐದು ಅಡಿ, ಪಕ್ಕಗಳಲ್ಲಿ ಎರಡು ಅಡಿ ನೆಲವನ್ನು ಪ್ಯಾಡ್‌ನ ಮಟ್ಟಕ್ಕೇ ತರಬೇಕು. ಬರೀ ಮಣ್ಣು ತುಂಬಿದರೆ ಎರಡು ಮಳೆಗೆ ಹೋಗುತ್ತದೆ. ಕೆಳಗೆ ಜಲ್ಲಿಪುಡಿ ಬಡಿದು, ಮೇಲೆ ಎರಡು ಇಂಚು ಮಣ್ಣು ಹಾಕಿ ನೆರಳಿಗೆ ಬರುವ ಹುಲ್ಲಿನ ಬೀಜ ಚೆಲ್ಲಿದೆವು. ಇಳಿಜಾರಿದ್ದರೆ ಆ ಐದು ಅಡಿಗೂ ತೊಲೆಯ ಕಟ್ಟೆ ಬೇಕು. ಬಜೆಟ್ ಮುಗಿದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ, ಹಾಗಾಗಿ ನಾವು ಇದನ್ನು ಪ್ರತಿ ಪ್ಯಾಡ್‌ನ ಅಂದಾಜಿನೊಳಗೇ ಸೇರಿಸಿದೆವು, ಬೇರೆ ಬಾಬ್ತಾಗಿ ತೋರಿಸಲಿಲ್ಲ.

ಆಮೇಲಿನ ಕೆಲಸ ವರ್ಷಕ್ಕೆ ಎರಡು ಸಲ. ಶರತ್ಕಾಲದಲ್ಲಿ ಎಲೆ ಗುಡಿಸಬೇಕು, ಟರ್ಫ್ ಮೇಲೆ ಎಲೆ ಕೊಳೆತರೆ ಮರಳಿನ ಸಂದಿ ಮುಚ್ಚಿ ನೀರು ಇಳಿಯುವುದು ನಿಲ್ಲುತ್ತದೆ. ಎಲೆ ಊದುವ ಯಂತ್ರ ಮರಳನ್ನೂ ಹಾರಿಸುತ್ತದೆ, ಗಡುಸು ಪೊರಕೆ ಮೇಲು. ಏಪ್ರಿಲ್‌ನಲ್ಲಿ ನೆಲದ ಹೆಪ್ಪು ಪೂರ್ತಿ ಕರಗಿದ ಮೇಲೆ ರಸಮಟ್ಟ, ಸ್ಕ್ರೂಡ್ರೈವರ್, ಒಂದು ಚೀಲ ಒಣ ಮರಳು, ಒಂದು ತಳ್ಳುಗಾಡಿ ಜಲ್ಲಿಪುಡಿ ಹಿಡಿದು ಹದಿನೆಂಟೂ ಟೀ ಸುತ್ತಬೇಕು: ಅಗಲದ ಮಟ್ಟ ನೋಡುವುದು, ಎದ್ದ ಸ್ಕ್ರೂ ಬಿಗಿಯುವುದು, ಮಚ್ಚೆಗೆ ಮರಳು ತುಂಬುವುದು, ಮುಂದಿನ ಅಂಚಿನಲ್ಲಿ ಒಂದು ಇಂಚಿಗಿಂತ ಹೆಚ್ಚು ಇಳಿದ ಕಡೆ ಪುಡಿ ಹಾಕಿ ಬಡಿಯುವುದು. ಕಾಂಕ್ರೀಟ್ ಹಾಸು ಹಿಮಕ್ಕೆ ಎದ್ದಿದ್ದರೆ ತಕ್ಷಣ ಕೈಹಾಕಬಾರದು. ಬಹಳ ಸಲ ಮೇ ತಿಂಗಳ ಹೊತ್ತಿಗೆ ತಾನೇ ಕೂರುತ್ತದೆ. ಕೂರದಿದ್ದರೆ ಅದರ ಮೇಲ್ಬದಿಯಲ್ಲಿ ನೀರು ತಿರುಗಿಸುವ ಸಣ್ಣ ಕಾಲುವೆ ತೋಡಿ, ಇನ್ನೊಂದು ಚಳಿಗಾಲ ನೋಡಿ, ಆಮೇಲೆ ಒಡೆಯುವ ಯೋಚನೆ ಮಾಡಬೇಕು.